ಕೊನೆಯ ಸ್ಟಾಪಿನ ನೀರು

"ದಿನಾ ಈ ಗಿಡಕ್ಕೆ ನೀರು ಹಾಕ್ತಿರೋದು ನೀವೇನಾ?"

ಬಸ್ಸಿನ ಹಿಂದೆ, ರಸ್ತೆಬದಿಯ ಕುಂಡಕ್ಕೆ ಬಾಟಲಿ ಬಗ್ಗಿಸಿಕೊಂಡು ನಿಂತಿದ್ದವಳು ಬೆಚ್ಚಿಬಿದ್ದಳು. ನೀರು ಇನ್ನೂ ಗಳಗಳನೆ ಸುರಿಯುತ್ತಲೇ ಇತ್ತು. ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡಳು.

ಕೇಳಿದವನು ಎದುರಿನ ಫ್ರೇಮ್ ಅಂಗಡಿಯವನು. ಫೋಟೋಗಳಿಗೆ ಕಟ್ಟು ಹಾಕುವುದು, ಗಾಜು ಕತ್ತರಿಸುವುದು, ಕನ್ನಡಿ ಮಾರುವುದು ಅವನ ಕೆಲಸ. ಕೊನೆಯ ಸ್ಟಾಪಿನಲ್ಲಿ ಬಸ್ ನಿಲ್ಲಿಸಿದಾಗಲೆಲ್ಲ ಅವನ ಅಂಗಡಿಯ ಮುಂದೆ ಒರಗಿಸಿಟ್ಟ ಕನ್ನಡಿಗಳಲ್ಲಿ ಅವಳ ಬಸ್ಸು ತುಂಡುತುಂಡಾಗಿ ಕಾಣುತ್ತಿತ್ತು. ಅಂಗಡಿಯವನನ್ನು ಮಾತ್ರ ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಕಿವಿಯ ಹಿಂದೆ ಪೆನ್ಸಿಲ್, ಹುಬ್ಬಿನ ಮೇಲೆ ಮರದ ಪುಡಿ.

ಥ್ಯಾಂಕ್ಸ್ ಹೇಳಲು ಬಂದಿದ್ದಾನೆ ಅಂದುಕೊಂಡು ಅವಳು ನಕ್ಕಳು. "ಹೌದು. ಪರವಾಗಿಲ್ಲ ಬಿಡಿ, ಇದೇನ್ ದೊಡ್ಡ ಉಪಕಾರ."

"ಇದು ಕಳ್ಳಿ ಗಿಡ."

"ಗೊತ್ತು. ಚೆನ್ನಾಗಿದೆ."

"ಚೆನ್ನಾಗಿತ್ತು," ಎಂದು ಅವನು ಬೆರಳ ತುದಿಯಿಂದ ಗಿಡವನ್ನು ಮುಟ್ಟಿದ. ಅದು ಹಣ್ಣಾಗಿ ಕೊಳೆತ ಬಾಳೆಯ ಹಾಗೆ ಮೆತ್ತಗೆ ಒಂದು ಕಡೆ ವಾಲಿತು. "ತಿಂಗಳಿಗೆ ಒಂದು ಲೋಟ ನೀರಾದ್ರೆ ಇದಕ್ಕೆ ಹಬ್ಬ. ಬೇರು ಪೂರ್ತಿ ಕೊಳೆತಿದೆ. ನಮ್ಮಮ್ಮ ಮೂರು ವಾರದಿಂದ ಯಾರೋ ಆಗದೋರು ಮಾಡ್ತಿದಾರೆ ಅಂತ ಶಾಪ ಹಾಕ್ತಿದಾರೆ."

ಅವಳ ಕಿವಿ ಬಿಸಿಯಾಯಿತು. "ಅಯ್ಯೋ. ಬೇರೆ ಗಿಡ ತಂದ್ಕೊಡ್ತೀನಿ."

"ಗಿಡ ಹೋಗ್ಲಿ ಬಿಡಿ." ಅವನು ಬಾಟಲಿಯನ್ನೊಮ್ಮೆ, ಒಣಗಿ ಸಿಪ್ಪೆ ಎದ್ದಿದ್ದ ಅವಳ ತುಟಿಯನ್ನೊಮ್ಮೆ ನೋಡಿದ. "ಇಷ್ಟೊಂದು ನೀರನ್ನ ನೀವ್ ಯಾಕೆ ಕುಡಿಯಲ್ಲ?"

"ಅದು ನಿಮಗ್ಯಾಕ್ರೀ?"

ದಢದಢನೆ ಬಸ್ ಹತ್ತಿ ಬಾಗಿಲು ಹಾಕಿಕೊಂಡಳು. ತಿರುವಿನಲ್ಲಿ ಪಕ್ಕದ ಕನ್ನಡಿ ನೋಡಿದಾಗ ಅವನು ಸತ್ತ ಗಿಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಸ್ಸಿನ ಕಡೆಗೇ ನೋಡುತ್ತ ನಿಂತಿದ್ದ.

ಯಾಕೆ ಕುಡಿಯಲ್ಲ ಎಂಬುದನ್ನು ಬೀದಿಯಲ್ಲಿ ನಿಂತು ಒಬ್ಬ ಗಂಡಸಿಗೆ ಹೇಗೆ ಹೇಳುವುದು?

ಅವಳು ಆ ರೂಟಿನ ಒಬ್ಬಳೇ ಹೆಂಗಸು ಡ್ರೈವರು. ಒಂದು ತುದಿಯಲ್ಲಿ ದೊಡ್ಡ ಬಸ್ ನಿಲ್ದಾಣ. ಅಲ್ಲಿ ಶೌಚಾಲಯವಿತ್ತು, ಆದರೆ ಅದರ ಮುಂದೆ ಯಾವಾಗಲೂ ಹನುಮಂತನ ಬಾಲದಂಥ ಸಾಲು. ಸಾಲಿನಲ್ಲಿ ನಿಂತರೆ ಬಸ್ಸು ತಡ, ಬಸ್ಸು ತಡವಾದರೆ ಮೇಲಿನವರ ಮುಖ ಗಂಟು. ಇನ್ನೊಂದು ತುದಿಯಾದ ಈ ಕೊನೆಯ ಸ್ಟಾಪಿನಲ್ಲಿ ಏನೂ ಇರಲಿಲ್ಲ. ಗಂಡಸು ಡ್ರೈವರುಗಳು ಗೋಡೌನಿನ ಗೋಡೆ ಹಿಂದೆ ಹೋಗಿ ಬರುತ್ತಿದ್ದರು. ಅವಳು ಎಲ್ಲಿಗೆ ಹೋಗಬೇಕು? ಹಾಗಾಗಿ ಸುಲಭದ ದಾರಿ ಹಿಡಿದಿದ್ದಳು: ನೀರೇ ಕುಡಿಯದಿರುವುದು.

ಕಳೆದ ವರ್ಷ ಚಳಿಜ್ವರ, ಕಿಬ್ಬೊಟ್ಟೆಯಲ್ಲಿ ಉರಿ, ಸೊಂಟದಲ್ಲಿ ಚಳಕು ಬಂದು ಮಲಗಿದಾಗ ಡಾಕ್ಟರಮ್ಮ ಗದರಿದ್ದರು. "ಒಳಗೆಲ್ಲ ಸೋಂಕಾಗಿದೆ. ನೀರು ಕುಡೀಬೇಕು. ಬರೀ ನೀರು." ಆಮೇಲೆ ಅವಳ ಚೀಲದಿಂದ ಇಣುಕುತ್ತಿದ್ದ ಪುಟ್ಟ ಬಾಟಲಿಯನ್ನು ಕಂಡು, "ಇದೇನು?" ಎಂದಿದ್ದರು.

ಅದು ಸ್ಟ್ರಾಬೆರಿ ವಾಸನೆಯ ಸಿಹಿ ಹನಿ. ಸಕ್ಕರೆ ಇಲ್ಲ, ಕ್ಯಾಲರಿ ಇಲ್ಲ, ಬರೀ ಸಿಹಿ. ಲೋಟಕ್ಕೆ ನಾಲ್ಕು ತೊಟ್ಟು ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಅದಿಲ್ಲದೆ ನೀರು ಅವಳ ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ.

"ಇಂಥ ಸಿಹಿ ಕೆಲವರಿಗೆ ಮೂತ್ರಚೀಲ ಕೆರಳಿಸುತ್ತೆ ಕಣಮ್ಮ. ಮತ್ತೆ ಮತ್ತೆ ಅವಸರ ಆಗುತ್ತೆ. ಅವಸರ ಆಗುತ್ತೆ ಅಂತ ನೀನು ನೀರು ಕಮ್ಮಿ ಮಾಡ್ತೀಯ. ನೀರು ಕಮ್ಮಿ ಆದ್ರೆ ಮತ್ತೆ ಸೋಂಕು. ನಿನಗೂ ಹಾಗೇನಾ ಅಂತ ಬಿಟ್ಟು ನೋಡಿದ್ರೇನೇ ಗೊತ್ತಾಗೋದು. ಒಂದಷ್ಟು ದಿನ ಬಿಡು."

ಅವಳು ಬಿಡಲಿಲ್ಲ. ಆದರೆ ಡಾಕ್ಟರ ಮಾತನ್ನು ಅತ್ತಿಗೆ ಹಿಡಿದುಕೊಂಡಳು. ಅಣ್ಣನ ಮನೆಯಲ್ಲಿ ಅವಳ ವಾಸ. ಅತ್ತಿಗೆ ಅಂದರೆ ಅರ್ಧ ಅಮ್ಮ, ಅರ್ಧ ಪೊಲೀಸು. ಬೆಳಿಗ್ಗೆ ದೊಡ್ಡ ಬಾಟಲಿ ತುಂಬಿ ಕೈಗೆ ಕೊಡುವುದು, ಸಂಜೆ ಅದನ್ನು ಬೆಳಕಿಗೆ ಹಿಡಿದು ನೋಡುವುದು. ಖಾಲಿ ಇದ್ದರೆ ಮುಖ ಅರಳುತ್ತಿತ್ತು. ಹೀಗಾಗಿ ಅವಳು ಅದರಿಂದ ಒಂದು ಲೋಟ ಬಗ್ಗಿಸಿ, ಹನಿ ಹಾಕಿ, ದಿನವಿಡೀ ಗುಟುಕು ಗುಟುಕಾಗಿ ಕುಡಿದು, ಉಳಿದದ್ದನ್ನು ಮೊದಲು ಮೋರಿಗೆ, ಈಚೆಗೆ ಕಳ್ಳಿಗೆ ಸುರಿಯುತ್ತಿದ್ದಳು. ಒಂದು ಗಿಡಕ್ಕೆ ನೀರೆರೆಯುತ್ತಿದ್ದೇನೆ, ಪುಣ್ಯವೇ ಬಂತು ಎಂದು ಬೇರೆ ಅಂದುಕೊಂಡಿದ್ದಳು.

ವಾರದ ರಜೆ ಕಳೆದು ಡ್ಯೂಟಿಗೆ ಬಂದ ದಿನ ಡ್ಯಾಶ್‌ಬೋರ್ಡಿನ ಮೇಲೆ ಹೊಸ ಕಳ್ಳಿ ಗಿಡ ಇಟ್ಟುಕೊಂಡು ಬಂದಳು. ಅಂಗಡಿಯ ಮೆಟ್ಟಿಲಲ್ಲಿ ಅವನಿಗೆ ಕೊಡುವಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕಿ ಬಂದರು. ಬಿಳಿ ಕೂದಲ ಪುಟ್ಟ ಗಂಟು, ದೊಡ್ಡ ಕನ್ನಡಕ.

"ಇವಳೇನಾ ನನ್ನ ಗಿಡ ಕೊಂದೋಳು?"

"ಅಮ್ಮಾ," ಎಂದ ಅವನು ಸಣ್ಣಗೆ.

"ನೀನ್ ಸುಮ್ನಿರೋ. ಯಾಕಮ್ಮ, ಕುಡಿಯೋ ನೀರು ಚೆಲ್ತೀಯಂತೆ?"

ಅವಳು ಅವನ ಕಡೆ ನೋಡಿದಳು. ಅವನು ಏನು ಅರ್ಥಮಾಡಿಕೊಂಡನೋ, ಕತ್ತರಿಸಿಟ್ಟಿದ್ದ ಗಾಜನ್ನೇ ಮತ್ತೆ ಕತ್ತರಿಸುವವನಂತೆ ಒಳಗೆ ಹೋಗಿಬಿಟ್ಟ. ಆಗ ಅವಳು ಅಜ್ಜಿಯ ಕಿವಿಯ ಬಳಿ ಬಗ್ಗಿ ಎರಡು ಮಾತು ಹೇಳಿದಳು.

ಅಜ್ಜಿ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ಪೆದ್ದಿ! ಇದಕ್ಕೋಸ್ಕರ ಬಾಯಿ ಕಟ್ಟಿಕೊಂಡು ಓಡಾಡ್ತೀಯಾ? ಹಿಂದೆ ನಮ್ಮ ಮನೆ ಇರೋದು ಯಾತಕ್ಕೆ? ಬಾ ಒಳಗೆ."

ಅಂಗಡಿಯ ಹಿಂಬಾಗಿಲು ದಾಟಿದರೆ ಸಣ್ಣ ಅಡುಗೆಮನೆ, ಅದರಾಚೆ ತೊಳೆದು ಒಣಗಿದ ಬಚ್ಚಲು. ಬಾಗಿಲ ಚಿಲಕ ಮಾತ್ರ ಸಡಿಲವಾಗಿತ್ತು. ಒಳಗಿದ್ದಷ್ಟು ಹೊತ್ತೂ ಅವಳು ಅದನ್ನು ಒಂದು ಕೈಯಲ್ಲಿ ಹಿಡಿದೇ ಇದ್ದಳು.

ಮರುದಿನ ಹೋದಾಗ ಚಿಲಕ ಹೊಸದಾಗಿತ್ತು. ಅದರ ಮರುದಿನ ಅವಳ ಯೂನಿಫಾರ್ಮಿನ ಕೋಟು ನೇತುಹಾಕಲು ಒಂದು ಕೊಕ್ಕೆ ಬಂದಿತ್ತು. ಇನ್ನೊಂದು ದಿನ, ಅವಳ ಎತ್ತರಕ್ಕೆ ಸರಿಯಾಗಿ ಒಂದು ಪುಟ್ಟ ಕನ್ನಡಿ. ಯಾರೂ ಏನೂ ಹೇಳಲಿಲ್ಲ. ಹೊರಗೆ ಬಂದಾಗ ಅವನು ತಲೆ ತಗ್ಗಿಸಿ ಫ್ರೇಮಿಗೆ ಮೊಳೆ ಹೊಡೆಯುತ್ತಿದ್ದ. ಆದರೆ ಕಿವಿ ಕೆಂಪಗಿತ್ತು.

"ಥ್ಯಾಂಕ್ಸ್ ಫ್ರೇಮಣ್ಣ," ಎಂದಳು. ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ.

ಮೊಳೆ ಸೊಟ್ಟಗಾಯಿತು. "ಒಂದ್ ಮಾತು..." ಎಂದ ಅವನು.

"ಏನು?"

"ಏನಿಲ್ಲ."

ಅವನ ಮಾತುಗಳಲ್ಲಿ ಅರ್ಧ "ಏನಿಲ್ಲ"ಗಳೇ ಎಂಬುದು ಅವಳಿಗೆ ಬೇಗ ಗೊತ್ತಾಯಿತು.

ಈಗ ನೀರು ಕುಡಿಯಲು ಹೆದರಬೇಕಿರಲಿಲ್ಲ. ಬಂದ ಕೂಡಲೇ ಅಜ್ಜಿ ಗಾಜಿನ ಲೋಟದಲ್ಲಿ ನೀರು ಕೊಡುತ್ತಿದ್ದರು, ಅವಳು ಚೀಲದಿಂದ ಹನಿ ತೆಗೆದು ಹಾಕುತ್ತಿದ್ದಳು. ಒಂದು ದಿನ ಅವನು ಕೆಲಸ ನಿಲ್ಲಿಸಿ ನೋಡಿದ.

"ಏನದು?"

"ಸಿಹಿ."

"ಔಷಧಿನಾ?"

"ಅಲ್ಲ. ಬಿಡು ಅಂತ ಡಾಕ್ಟರು ಹೇಳಿರೋದು."

"ಮತ್ತೆ?"

"ಮತ್ತೇನು, ಬಿಟ್ಟಿಲ್ಲ. ಬರೀ ನೀರು ಕುಡಿಯೋಕಾಗಲ್ಲ. ಸಪ್ಪೆ. ಬಾಯಲ್ಲಿಟ್ಕೊಂಡ್ರೆ ಏನೋ ಕಳಕೊಂಡ ಹಾಗನ್ಸುತ್ತೆ."

ಅವನು ತಲೆಯಾಡಿಸಿ ತನ್ನ ಚಹಾಕ್ಕೆ ಸಕ್ಕರೆ ಹಾಕಿಕೊಂಡ. ಒಂದು ಚಮಚ, ಎರಡು, ಮೂರು. ನಾಲ್ಕನೆಯದಕ್ಕೆ ಕೈ ಹೋದಾಗ ಅವಳು ಚಮಚ ಹಿಡಿದುಬಿಟ್ಟಳು. "ಅಯ್ಯೋ, ಇದು ಚಹಾನಾ ಪಾಯಸಾನಾ?"

"ಅದನ್ನೇ ನಾನೂ ಹೇಳಿ ಹೇಳಿ ಸಾಕಾಯ್ತು," ಎಂದರು ಅಜ್ಜಿ ಒಳಗಿನಿಂದ.

ಚಮಚದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅವನು ಅದನ್ನು ಎಳೆದುಕೊಳ್ಳಲಿಲ್ಲ. ಅವಳೂ ಬಿಡಲಿಲ್ಲ. "ಒಂದು ಪಂದ್ಯ," ಎಂದಳು. "ನಾನು ಒಂದೊಂದೇ ತೊಟ್ಟು ಕಮ್ಮಿ ಮಾಡ್ತೀನಿ. ನೀವು ಒಂದೊಂದೇ ಚಮಚ."

"ಸೋತೋರು?"

"ಸೋತಾಗ ನೋಡೋಣ."

ಮೊದಲ ವಾರ ಇಬ್ಬರ ಮುಖವೂ ನೋಡುವ ಹಾಗಿರಲಿಲ್ಲ. ಅವಳಿಗೆ ತಲೆನೋವು, ಸಣ್ಣ ಹಾರ್ನಿಗೂ ರೇಗುತ್ತಿದ್ದಳು. ಅವನು ಚಹಾ ಕುಡಿಯುವುದನ್ನು ನೋಡಿದರೆ ಕಷಾಯ ಕುಡಿಯುವ ಮಗುವಿನ ನೆನಪಾಗುತ್ತಿತ್ತು. ಅಜ್ಜಿ ಕಿಟಕಿಯ ಕುಂಡದಿಂದ ಪುದೀನ ಎಲೆ ಕಿತ್ತು ಅವಳ ಲೋಟಕ್ಕೆ ಹಾಕುತ್ತಿದ್ದರು, ಒಂದೊಂದು ದಿನ ಸೌತೆಕಾಯಿಯ ಬಿಲ್ಲೆ, ನಿಂಬೆಯ ಸಿಪ್ಪೆ. ಗಾಜಿನ ಲೋಟದಲ್ಲಿ ಹಸಿರು ಎಲೆ ತೇಲುವುದನ್ನು ನೋಡುತ್ತಲೇ ಅರ್ಧ ಲೋಟ ಇಳಿದುಹೋಗುತ್ತಿತ್ತು. ಅವಳು ಕಳ್ಳತನವನ್ನೂ ಮಾಡಿದಳು. ಒಂದು ಮಧ್ಯಾಹ್ನ ಮರೆಯಲ್ಲಿ ತಿರುಗಿ ನಿಂತು ಎರಡು ತೊಟ್ಟು ಜಾಸ್ತಿ ಹಾಕಿಕೊಂಡು ಕತ್ತೆತ್ತಿದರೆ, ಮಾರಾಟಕ್ಕಿಟ್ಟ ಕನ್ನಡಿಯಲ್ಲಿ ಅವನ ಎರಡು ಕಣ್ಣು ತನ್ನನ್ನೇ ನೋಡುತ್ತಿದ್ದವು.

"ನಾನೇನೂ ನೋಡಿಲ್ಲ," ಎಂದಿತು ಕನ್ನಡಿ.

ಅವಳಿಗೆ ನಗು ತಡೆಯಲಾಗದೆ ಗುಲಾಬಿ ನೀರು ಮೂಗಿಗೆ ಹತ್ತಿತು.

ಹೀಗೆ ಕೆಲವು ವಾರ ಕಳೆದವು. ಒಂದು ದಿನ ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು, ಬಿಸಿಲಲ್ಲಿ ಬಹಳ ಹೊತ್ತು ಬಸ್ಸು ಕದಲಲೇ ಇಲ್ಲ. ಕೊನೆಯ ಸ್ಟಾಪಿಗೆ ಬಂದವಳೇ ಅವಳು ಅಂಗಡಿಯ ಮೆಟ್ಟಿಲಲ್ಲಿ ಕುಸಿದು ಕೂತಳು. ಅವನು ನೀರು ತಂದುಕೊಟ್ಟ. ಗಟಗಟ ಕುಡಿದಳು. ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ತಣ್ಣಗೆ ಇಳಿಯುವುದು ಗೊತ್ತಾಗುತ್ತಿತ್ತು. "ಇನ್ನೊಂದು ಲೋಟ," ಎಂದಳು. ಅದನ್ನೂ ಕುಡಿದು ಬಾಯಿ ಒರೆಸಿಕೊಂಡಾಗ ಅವನು ಬಾಗಿಲಿಗೆ ಒರಗಿ ನಗುತ್ತಿದ್ದ. ಹಲ್ಲು ಕಾಣದ, ಕಣ್ಣಲ್ಲೇ ಮುಗಿಯುವ ನಗು.

"ಏನು?"

"ಏನಿಲ್ಲ."

"ಹೇಳ್ರೀ."

"ಹನಿ ಹಾಕೋದು ಮರೆತ್ರಿ."

ಅವಳು ಲೋಟದ ಕಡೆ ನೋಡಿದಳು. ನಿಜ. ಎಲೆಯೂ ಇಲ್ಲ, ಸಿಪ್ಪೆಯೂ ಇಲ್ಲ. ತಳದಲ್ಲಿ ಉಳಿದಿದ್ದ ಒಂದು ಗುಟುಕನ್ನು ನಾಲಗೆಯ ಮೇಲೆ ಇಟ್ಟುಕೊಂಡು ಕಾದಳು. ಕಲ್ಲಿನ ತಂಪು, ಹಿತ್ತಾಳೆ ನಲ್ಲಿಯ ಒಂದು ಎಳೆ, ಆಮೇಲೆ ಏನೋ ಸಣ್ಣಗೆ ಸಿಹಿಯಂಥದ್ದೇ. ಇಷ್ಟು ವರ್ಷ ಇದು ಎಲ್ಲಿತ್ತು?

"ನಿಮ್ಮನೆ ನೀರು ಚೆನ್ನಾಗಿದೆ," ಎಂದಳು. ಹೇಳಿದ ಮೇಲೆ, ಇನ್ನೇನೋ ಹೇಳಿಬಿಟ್ಟೆನೇನೋ ಅನಿಸಿ ಎದ್ದು ಹೊರಟಳು.

ಅವತ್ತು ಅಜ್ಜಿ ಬಸ್ಸಿನ ತನಕ ಬಂದರು. "ನೋಡಮ್ಮ, ಒಂದು ವಿಷಯ. ಅವನನ್ನ ಬೀದಿಗೆ ಬೀದಿಯೇ ಅಣ್ಣ ಅನ್ನುತ್ತೆ. ನೀನೂ ಅಣ್ಣ ಅಂದ್ರೆ ಅವನ ಗತಿ ಏನು?"

ಅವಳು ಇಂಜಿನ್ ಶುರುಮಾಡಿದಳು; ಗೇರ್ ಮೊದಲ ಸಲಕ್ಕೆ ಬೀಳಲಿಲ್ಲ.

ಹಿಂದೆ ಎರಡು ಸಲ ಅವಳಿಗೆ ಸಂಬಂಧ ಬಂದಿತ್ತು. ಎರಡೂ ಸಲ ಗಂಡಿನ ಕಡೆಯವರು ಎಲ್ಲ ಒಪ್ಪಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದರು: ಬಸ್ ಓಡಿಸೋದು ಬಿಡ್ತಾಳಾ? ಬಿಡಲ್ಲ ಅಂದಿದ್ದಳು. ಅಲ್ಲಿಗೆ ಮುಗಿದಿತ್ತು. ಅವನಿಗೂ ಹಿಂದೆ ಮದುವೆಯಾಗಿತ್ತು ಎಂದು ಅಜ್ಜಿ ಹೇಳಿದ್ದರು. ಹೆಂಡತಿ ಎರಡು ವರ್ಷವಿದ್ದು ಹೊರಟುಹೋಗಿದ್ದಳು. "ಒಳ್ಳೇ ಹುಡುಗೀನೇ. ಇವನೂ ಒಳ್ಳೆಯವನೇ. ಆದ್ರೆ ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡ್ತಾಳೆ?" ಎಂದಿದ್ದರು.

ಅಂದಿನಿಂದ ಅವಳು ಅಣ್ಣ ಅನ್ನುವುದನ್ನು ಬಿಟ್ಟಳು. ಬೇರೆ ಏನನ್ನಬೇಕೋ ತಿಳಿಯದೆ, ಅವನನ್ನು ಕರೆಯುವುದನ್ನೇ ಬಿಟ್ಟು ಕೆಮ್ಮಲು ಶುರುಮಾಡಿದಳು. ಅವಳು ಕೆಮ್ಮಿದರೆ ಸಾಕು, ಅವನು ಎಲ್ಲಿದ್ದರೂ ತಿರುಗಿ ನೋಡುತ್ತಿದ್ದ.

ಊರಿಗೆ ಕಣ್ಣಿಲ್ಲವೇ? ಡಿಪೋದಲ್ಲಿ ಒಬ್ಬ ಡ್ರೈವರ್ ಇದ್ದ. ಎಲ್ಲ ಸುದ್ದಿಯೂ ಮೊದಲು ಅವನ ಬಾಯಿಂದಲೇ ಬರುತ್ತಿದ್ದುದರಿಂದ ಅವನ ಹೆಸರೇ ರೇಡಿಯೋ ಆಗಿಹೋಗಿತ್ತು. "ಲಾಸ್ಟ್ ಸ್ಟಾಪಲ್ಲಿ ಮೇಡಂನ ಫ್ರೇಮೊಳಗೆ ಕೂರಿಸ್ತಾವ್ರಂತೆ," ಎಂದು ಅವನು ಹೇಳಿದ್ದಕ್ಕೆ ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕರು. ಅವಳು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆ ವಾರವೇ ಮ್ಯಾನೇಜರು ಕರೆಸಿದರು.

"ದೂರು ಅಂತ ಬಂದಿಲ್ಲ," ಎಂದರು ಅವರು, ಅವಳ ಕಡೆ ನೋಡದೆ ಪೇಪರ್‌ವೇಟ್ ತಿರುಗಿಸುತ್ತ. "ಮಾತು ಬಂದಿದೆ. ಯೂನಿಫಾರ್ಮ್ ಹಾಕ್ಕೊಂಡು ಡ್ಯೂಟಿ ಟೈಮಲ್ಲಿ ಖಾಸಗಿ ಅಂಗಡಿ ಒಳಗೆ ಹೋಗೋದು... ನೋಡಿದೋರು ಏನನ್ಕೋಬೇಕು ಹೇಳಿ."

ಯಾಕೆ ಹೋಗ್ತೀನಿ ಅಂತ ಕೇಳಿ ಸರ್ ಎಂದು ನಾಲಗೆ ತುದಿಗೆ ಬಂತು. ಹೇಳಲು ನಾಚಿಕೆಯಾಯಿತು. ನಾಚಿಕೆಪಡಬೇಕಾದವಳು ತಾನಲ್ಲ ಎಂದು ಹೊಳೆಯುವ ಹೊತ್ತಿಗೆ ಅವಳು ಮೆಟ್ಟಿಲಿಳಿದಾಗಿತ್ತು.

ಮರುದಿನದಿಂದ ಅವಳು ಕೊನೆಯ ಸ್ಟಾಪಿನಲ್ಲಿ ಸೀಟು ಬಿಟ್ಟು ಇಳಿಯಲಿಲ್ಲ.

ಮೊದಲ ದಿನ ಅವನು ಬಾಗಿಲಿಗೆ ಬಂದು ನಿಂತ, ಕೈ ಒರೆಸಿಕೊಳ್ಳುತ್ತ. ಎರಡನೆಯ ದಿನ ನೀರಿನ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟ. ಅದರಲ್ಲಿ ಪುದೀನ ಎಲೆ ತೇಲುತ್ತಿದ್ದದ್ದು ಬಸ್ಸಿನಿಂದಲೇ ಕಾಣುತ್ತಿತ್ತು. ಅವಳು ಪಕ್ಕದ ಕನ್ನಡಿಯಲ್ಲಿ ನೋಡಿದಳು, ನೇರವಾಗಿ ನೋಡಲಿಲ್ಲ. ಬಂದು ಒಂದು ಮಾತು ಕೇಳಬಾರದಾ? ಯಾಕೆ ಇಳೀತಿಲ್ಲ, ಏನಾಯ್ತು ಅಂತ? ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದಳು, ಬಹುಶಃ ಅತ್ತೂಬಿಡುತ್ತಿದ್ದಳು. ಅವನು ಕೇಳಲಿಲ್ಲ. ಮಾತಿಲ್ಲದೆ ಕೊಕ್ಕೆ ಹೊಡೆದವನ ಮೇಲೆ ಅವಳಿಗೆ ಆಗ ಎಷ್ಟು ಪ್ರೀತಿ ಬಂದಿತ್ತೋ, ಮಾತಿಲ್ಲದೆ ನಿಂತವನ ಮೇಲೆ ಈಗ ಅಷ್ಟೇ ಸಿಟ್ಟು ಬಂತು.

ನೀರು ಮತ್ತೆ ನಿಂತಿತು. ಚೀಲದ ತಳದಿಂದ ಹನಿಯ ಬಾಟಲಿ ಮೇಲೆ ಬಂತು. ಬಾಯಿಗೆ ಹಾಕಿದರೆ ಹಿಂದಿನ ಹಾಗೆ ಹಿತವಾಗಲಿಲ್ಲ. ತಗಡು ನೆಕ್ಕಿದ ಹಾಗೆ ಕೊನೆಯಲ್ಲೊಂದು ಕಹಿ. ಆದರೂ ಹಾಕಿಕೊಂಡಳು. ಎರಡನೆಯ ವಾರ ಮುಗಿಯುವ ಮೊದಲೇ ಚಳಿ ಹಿಡಿದು, ಡಿಪೋದಲ್ಲಿ ಬಸ್ ನಿಲ್ಲಿಸಿ ಸ್ಟಿಯರಿಂಗಿಗೆ ತಲೆಯಿಟ್ಟುಕೊಂಡಳು.

ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತ ಅತ್ತಿಗೆಗೆ ಅವಳು ಎಲ್ಲವನ್ನೂ ಹೇಳಿದಳು. ಬಾಟಲಿ, ಕಳ್ಳಿ, ಚಿಲಕ, ಕೊಕ್ಕೆ, ಕ್ಯಾಂಟೀನಿನ ನಗು. ಕಳ್ಳಿಯ ಕತೆಗೆ ಅತ್ತಿಗೆ ಬೈಯುತ್ತಾಳೆ ಅಂದುಕೊಂಡಿದ್ದಳು. ಅತ್ತಿಗೆ ಅವಳ ಹಣೆಯ ಕೂದಲು ಸರಿಸಿದಳು.

"ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗಲ್ಲ ಕಣೇ. ಊರಿನ ಬಾಯಿಗೆ ಹೆದರಿ ನಿನ್ನ ಬಾಯಿ ಒಣಗಿಸಿಕೊಂಡ್ಯಲ್ಲ!" ಆಮೇಲೆ ದನಿ ತಗ್ಗಿಸಿ, "ಆ ಕೊಕ್ಕೆ ಹೊಡೆದೋನು... ಒಳ್ಳೆಯೋನಾ?"

"ಒಳ್ಳೆಯೋರು. ಮಾತಾಡಲ್ಲ, ಅಷ್ಟೇ."

"ನಿಮ್ಮಣ್ಣ ಮಾತಾಡ್ತಾನಲ್ಲ, ಏನ್ ಸುಖ?" ಎಂದಳು ಅತ್ತಿಗೆ. ಇಬ್ಬರೂ ನಕ್ಕರು. ನಗುತ್ತಿದ್ದ ಹಾಗೆಯೇ ಅವಳ ಕಣ್ಣು ತುಂಬಿತು.

ಅವಳು ಡ್ಯೂಟಿಗೆ ಮರಳಿದ ದಿನ ಕೊನೆಯ ಸ್ಟಾಪಿಗೆ ಬರುತ್ತಲೇ ಒಂದು ವಿಚಿತ್ರ ಕಂಡಿತು. ಮಟಮಟ ಮಧ್ಯಾಹ್ನ ಫ್ರೇಮ್ ಅಂಗಡಿಯ ಬಾಗಿಲು ಮುಚ್ಚಿತ್ತು. ಕನ್ನಡಿಗಳೆಲ್ಲ ಒಳಗೆ ಹೋಗಿದ್ದವು. ಅವನು ಸ್ಟಾಪಿನಲ್ಲಿ, ಪ್ರಯಾಣಿಕರ ಸಾಲಿನ ಮೊದಲಿಗೆ ನಿಂತಿದ್ದ. ಇಸ್ತ್ರಿ ಹಾಕಿದ ಅಂಗಿ. ಕಿವಿಯ ಹಿಂದಿನ ಪೆನ್ಸಿಲ್ ತೆಗೆಯಲು ಮಾತ್ರ ಮರೆತಿದ್ದ. ಬಸ್ ಹತ್ತಿ, ಟಿಕೆಟ್ ತಗೊಂಡು, ಅವಳ ಬೆನ್ನ ಹಿಂದಿನ ಸೀಟಿನಲ್ಲಿ ಕೂತ.

ಅವಳು ಒಳಗಿನ ಕನ್ನಡಿಯಲ್ಲಿ ನೋಡಿದಳು. ಅವನೂ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಅವಳ ತಲೆಯ ಮೇಲಿದ್ದ ಹಲಗೆಯ ಮೇಲೆ ಬಿತ್ತು: ಬಸ್ ಚಲಿಸುವಾಗ ಚಾಲಕರೊಂದಿಗೆ ಮಾತನಾಡಬೇಡಿ.

ಅವನು ಬಾಯಿ ಮುಚ್ಚಿಕೊಂಡ.

ಇಡೀ ದಾರಿ ಹಾಗೆಯೇ ಕಳೆಯಿತು. ಮಾರ್ಕೆಟ್ಟಿನ ಗದ್ದಲ, ಶಾಲೆಯ ಮುಂದಿನ ಉಬ್ಬು, ಸೇತುವೆಯ ಮೇಲಿನ ಗಾಳಿ. ಪ್ರತಿ ಸಿಗ್ನಲ್ಲಿನಲ್ಲೂ ಅವಳು ಕನ್ನಡಿ ನೋಡುತ್ತಿದ್ದಳು, ಪ್ರತಿ ಸಲವೂ ಅವನು ಅಲ್ಲಿಯೇ ನೋಡುತ್ತಿದ್ದ. ಒಂದು ಕೆಂಪು ದೀಪದಲ್ಲಿ ಅವನು ಮತ್ತೆ ಹಲಗೆ ಓದಿ, ಇದು ನಿಂತಿದೆಯಲ್ಲ, ಚಲಿಸ್ತಿಲ್ಲವಲ್ಲ ಎಂಬಂತೆ ಹುಬ್ಬು ಏರಿಸಿದ. ಅವಳು ತುಟಿ ಕಚ್ಚಿ ನಗು ನುಂಗಿ ಇಲ್ಲ ಎಂದು ತಲೆಯಾಡಿಸಿದಳು. ಪಕ್ಕದಲ್ಲಿ ಮಾರ್ಕೆಟ್ಟಿನ ಚೀಲ ಹಿಡಿದು ಕೂತಿದ್ದ ಹೆಂಗಸು ಒಮ್ಮೆ ಅವನನ್ನು, ಒಮ್ಮೆ ಕನ್ನಡಿಯನ್ನು ನೋಡಿ, ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕೂತಳು.

ದೊಡ್ಡ ನಿಲ್ದಾಣದಲ್ಲಿ ಬಸ್ ನಿಂತಿತು. ಎಲ್ಲರೂ ಇಳಿದರು, ತನ್ನ ಸ್ಟಾಪು ದಾಟಿದರೂ ಇಳಿಯದೆ ಕೂತಿದ್ದ ಚೀಲದ ಹೆಂಗಸೊಬ್ಬಳನ್ನು ಬಿಟ್ಟು. ಅವಳು ಇಂಜಿನ್ ಆರಿಸಿ, ಸೀಟಿನಲ್ಲೇ ತಿರುಗಿದಳು.

"ಈಗ ಮಾತಾಡಬಹುದು."

ಅವನು ಎದ್ದು ನಿಂತ, ಕಂಬ ಹಿಡಿದ, ಬಿಟ್ಟ.

"ಬೇಗ ಹೇಳಪ್ಪಾ," ಎಂದಳು ಚೀಲದ ಹೆಂಗಸು. "ನನಗೂ ಮನೆಗೆ ಹೋಗ್ಬೇಕು."

"ನನ್ನ ಹೆಂಡತಿ ಹೋಗುವಾಗ ಒಂದೇ ಮಾತು ಹೇಳಿದ್ಲು," ಎಂದ ಅವನು. "‘ಯಾಕೆ ಹೋಗ್ತಿದೀಯ ಅಂತ ಒಂದ್ಸಲ ಕೇಳಿದ್ರೆ ಇರ್ತಿದ್ದೆ' ಅಂತ. ನಾನು ಕೇಳಲಿಲ್ಲ. ಕೇಳಿದ್ರೆ ಎದುರಿನವರಿಗೆ ನೋವಾಗುತ್ತೆ, ಹಿಂಸೆ ಆಗುತ್ತೆ ಅನ್ಕೊಂಡು ಸುಮ್ನಿದ್ದುಬಿಡ್ತೀನಿ. ನಿಮ್ಮ ಹತ್ರಾನೂ ಹಾಗೇ ಇದ್ದೆ. ಆಮೇಲೆ ನಿಮ್ಮ ಬಸ್ಸಲ್ಲಿ ಬೇರೆ ಡ್ರೈವರ್ ಬಂದ್ರು. ಆಸ್ಪತ್ರೆ ಅಂದ್ರು. ಯಾವ ಆಸ್ಪತ್ರೆ ಅಂತ ಅವರಿಗೂ ಗೊತ್ತಿರಲಿಲ್ಲ." ಅವನು ಉಸಿರು ತಗೊಂಡ. "ಈಗ ಕೇಳ್ತಿದೀನಿ. ಯಾಕೆ ಬರ್ತಿಲ್ಲ?"

ಅವಳು ಹೇಳಿದಳು. ರೇಡಿಯೋ ಹೇಳಿದ್ದು, ಮ್ಯಾನೇಜರು ಹೇಳಿದ್ದು, ತಾನು ಹೇಳದೇ ಹೋದದ್ದು. ಹೇಳುವಾಗ ಎಲ್ಲಿಯೂ ನಿಲ್ಲಲಿಲ್ಲ.

"ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ," ಎಂದ ಅವನು ಮೆಲ್ಲಗೆ. "ನಿಮ್ಮ ಕಡೆಯಿಂದ ಸುಳ್ಳಿರಬಹುದು. ನನ್ನ ಕಡೆಯಿಂದ ನಿಜ. ನಿಮ್ಮ ಬಸ್ಸಿನ ಸದ್ದು ತಿರುವಲ್ಲೇ ಗೊತ್ತಾಗುತ್ತೆ ನನಗೆ. ಗಾಜು ಕತ್ತರಿಸೋದು ನಿಲ್ಲಿಸ್ತೀನಿ. ಕೈ ಅಲುಗುತ್ತೆ."

ಚೀಲದ ಹೆಂಗಸು ಕಿಟಕಿಯ ಕಡೆ ತಿರುಗಿಕೊಂಡಳು. ಕಿವಿ ಮಾತ್ರ ಇತ್ತಲೇ ಇತ್ತು.

ಸಿಹಿ ಮಾತು ಆಡಿದವರನ್ನು ಅವಳು ನೋಡಿದ್ದಳು. ಇವನು ಗಾಜಿನ ಮಾತಾಡಿದ್ದ, ಕೈಯ ಮಾತಾಡಿದ್ದ. ಅದು ನೇರವಾಗಿ ಎಲ್ಲಿಗೆ ಇಳಿಯಬೇಕೋ ಅಲ್ಲಿಗೆ ಇಳಿದಿತ್ತು.

"ಬಸ್ ಓಡಿಸೋದು ಬಿಡು ಅಂತೀರಾ?" ಎಂದಳು. ಅದೊಂದನ್ನು ಕೇಳದೆ ಮುಂದೆ ಹೋಗುವ ಹಾಗಿರಲಿಲ್ಲ.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಿಟ್ರೆ ಕೊನೆಯ ಸ್ಟಾಪಿಗೆ ಹೇಗೆ ಬರ್ತೀರಾ?"

ಅವಳು ಜೋರಾಗಿ ನಕ್ಕಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳದೆಯೇ ನಕ್ಕಳು. "ನನ್ನ ಕಡೆಯಿಂದಾನೂ ಸುಳ್ಳಲ್ಲ."

"ಏನು?"

"ರೇಡಿಯೋ ಹೇಳಿದ್ದು."

ಈ ಸಲ ಅವನು ಹಲ್ಲು ಕಾಣುವ ಹಾಗೆ ನಕ್ಕ.

"ಆದ್ರೆ ಒಂದು ತೊಂದರೆ," ಎಂದಳು ಅವಳು. "ಅಣ್ಣ ಅನ್ನೋ ಹಾಗಿಲ್ಲ. ಕೆಮ್ಮಿ ಕೆಮ್ಮಿ ಸಾಕಾಗಿದೆ. ಏನಂತ ಕರೀಲಿ?"

ಅವನು ಯೋಚಿಸಿದ. ಅವನ ಬದಲು ಉತ್ತರ ಬಂದದ್ದು ಕಿಟಕಿಯ ಕಡೆಯಿಂದ. "‘ರೀ' ಅಂತ ಕರಿಯಮ್ಮ, ನಾವೆಲ್ಲ ಕರೆಯೋ ಹಾಗೆ. ಈಗ ಬಸ್ ತೆಗೀ."

ಅವಳು ಬಸ್ ತೆಗೆಯಲಿಲ್ಲ. ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಅವಳು ಇಳಿದು, ಹನುಮಂತನ ಬಾಲದಂಥ ಸಾಲಿನ ಕೊನೆಯಲ್ಲಿ ಹೋಗಿ ನಿಂತಳು. ಬಸ್ಸು ತಡವಾಯಿತು. ಅವಳಿಂದಾಗಿ ತಡವಾದದ್ದು ಅದೇ ಮೊದಲ ಸಲ. ಸಂಜೆ ಮ್ಯಾನೇಜರು ಕಾರಣ ಕೇಳಿದಾಗ ಕುರ್ಚಿ ಎಳೆದುಕೊಂಡು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪೇಪರ್‌ವೇಟ್ ತಿರುಗುವುದು ನಿಂತಿತು. ಮರುದಿನ ಬೇರೆ ರೂಟುಗಳ ಹೆಂಗಸು ಡ್ರೈವರುಗಳೂ ಅವಳ ಜೊತೆ ಮ್ಯಾನೇಜರ ಕೋಣೆಗೆ ಬಂದರು. ಪ್ರತಿಯೊಬ್ಬರ ಚೀಲದಲ್ಲೂ ತುಂಬಿದ, ಮುಟ್ಟದ ನೀರಿನ ಬಾಟಲಿ ಇತ್ತು.

ಹನಿಯನ್ನು ಅವಳು ಬಿಟ್ಟಳು. ಒಂದೇ ಸಲಕ್ಕೇನೂ ಅಲ್ಲ. ನಡುವೆ ಸೋತಳು, ಮತ್ತೆ ಹಿಡಿದಳು, ಮತ್ತೆ ಬಿಟ್ಟಳು. ಅವನು ಚಹಾದ ಸಕ್ಕರೆಯನ್ನು ಒಂದು ಚಮಚಕ್ಕೆ ಇಳಿಸಿ ಅಲ್ಲಿಯೇ ಹಠ ಹಿಡಿದು ಕೂತ. ಅಣ್ಣ ಅತ್ತಿಗೆ ಒಂದು ಭಾನುವಾರ ಬಸ್ ಹತ್ತಿ ಕೊನೆಯ ಸ್ಟಾಪಿಗೆ ಬಂದರು. ಅತ್ತಿಗೆ ಬಚ್ಚಲಿನ ಕೊಕ್ಕೆಯನ್ನು ಕೈಯಿಂದ ಎಳೆದು ನೋಡಿ, ಗಟ್ಟಿಯಾಗಿದೆ ಎಂದು ಒಪ್ಪಿದಳು. ಮದುವೆ ಅಂಗಡಿಯ ಹಿಂದಿನ ಅಂಗಳದಲ್ಲಿ ಸರಳವಾಗಿ ಮುಗಿಯಿತು.

ಆಫೀಸಿನ ಕೆಲಸ ಆಮೆಯ ನಡಿಗೆ. ಕೊನೆಯ ಸ್ಟಾಪಿನಲ್ಲಿ ಡ್ರೈವರುಗಳಿಗೆಂದು ಎರಡು ಬಾಗಿಲಿನ ಶೌಚಾಲಯ, ಕುಡಿಯುವ ನೀರಿನ ನಲ್ಲಿ ಬರುವಷ್ಟರಲ್ಲಿ ಮದುವೆಯಾಗಿ ಆರು ತಿಂಗಳಾಗಿತ್ತು. ಬೀಗ ತೆರೆಯುವ ದಿನ ಮ್ಯಾನೇಜರು ಖುದ್ದಾಗಿ ಬಂದರು. ಬೇರೆ ಹೆಂಗಸು ಡ್ರೈವರುಗಳು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ರೇಡಿಯೋ.

ಮ್ಯಾನೇಜರು ಅವಳ ಕಡೆ ತಿರುಗಿ, ಹಳೆಯದನ್ನೆಲ್ಲ ಸರಿಪಡಿಸಿದ ನೆಮ್ಮದಿಯಲ್ಲಿ ಹೇಳಿದರು: "ಇನ್ಮೇಲೆ ನೀವು ಆ ಅಂಗಡಿ ಒಳಗೆ ಹೋಗೋ ಅವಶ್ಯಕತೆ ಇಲ್ಲ, ಮೇಡಂ."

"ಅಂಗಡಿ ಅಲ್ಲ ಸರ್," ಎಂದಳು ಅವಳು. "ನಮ್ಮನೆ."

ಅಂದು ರಸ್ತೆ ದಾಟಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಯೂನಿಫಾರ್ಮಿನಲ್ಲೇ ಒಳಗೆ ಹೋದಳು. "ರೀ, ನೀರು," ಎಂದಳು ಬಾಗಿಲಲ್ಲೇ. ಗಾಜು ಕತ್ತರಿಸುವ ಸದ್ದು ನಿಂತಿತು.